ಮನೆಗೊಂದೇ ಕಿಟ್

ಕಳೆದ ದೀಪಾವಳಿಯಲ್ಲಿ ನಾನು ಒಬ್ಬ ಹೆಂಗಸನ್ನು ಮೋಸಗಾತಿ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ನಿಜ. ನನ್ನ ಮುಖವೇ ಹೇಳಿಬಿಟ್ಟಿತು.

ತೆಲುಗು ನಾಡಿನ ಲಿಂಗಂಪಲ್ಲಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಯಾಚೆ, ಬಡ ಕುಟುಂಬಗಳಿಗೆಂದು ಕಟ್ಟಿ ಚೀಟಿ ಎತ್ತಿ ಹಂಚಿದ ಮನೆಗಳ ದೊಡ್ಡ ಬ್ಲಾಕ್ ಇದೆ. ಹಬ್ಬ ಬಂತೆಂದರೆ ನಮ್ಮ ಅಸೋಸಿಯೇಷನ್ ಅಲ್ಲಿಗೆ ಕಿಟ್ ಕೊಡುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಒಂದು ಸೀರೆ, ಒಂದು ಡಬ್ಬಿ ಮೈಸೂರುಪಾಕು. (ಮೈಸೂರುಪಾಕು ನನ್ನ ಆಯ್ಕೆ. ಊರಿನ ಅಭಿಮಾನ ಎಲ್ಲಿ ಹೋಗುತ್ತದೆ?)

ಇದಕ್ಕಾಗಿ ವಾಟ್ಸಾಪ್ ಗ್ರೂಪಿನಲ್ಲಿ ಎರಡು ವಾರ ಚರ್ಚೆ. ಹೊಸ ಸೀರೆಯೋ, ‘ಒಂದೇ ಸಲ ಉಟ್ಟದ್ದೂ’ ನಡೆಯುತ್ತದೋ? ಹೊಸದೇ ಅಂತಾಯಿತು. ಜೊತೆಗೊಂದು ರೂಲ್: ಮನೆಗೊಂದೇ ಕಿಟ್, ಆ ಮನೆಯವರೇ ಬಂದು ತೆಗೆದುಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ಆ ಬ್ಲಾಕಿನ ಕೆಳಗೆ ಶಾಮಿಯಾನ ಹಾಕಿ ಟೇಬಲ್ ಇಟ್ಟುಕೊಂಡು ಕೂತೆವು. ಲೈನಿನಲ್ಲಿ ಬಂದ ನೀಲಮ್ಮ ಎಂಬಾಕೆ ಒಂದು ಕಿಟ್ ತೆಗೆದುಕೊಂಡು, ಇನ್ನೊಂದಕ್ಕೆ ಕೈ ಚಾಚಿದರು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು.

“ಇನ್ನೊಂದು ಹುಸೇನ್‌ಬೀ ಸಲುವಾಗಿ ಕೊಡ್ರಿ ಮೇಡಂ. ಏಳನೇ ಮಾಳಿಗಿ.”

“ಅವರನ್ನೇ ಬರೋಕೆ ಹೇಳಿ. ರೂಲ್ ಇದೆ.”

“ಲಿಫ್ಟ್ ಬಂದ್ ಆಗಿ ಐದ್ ತಿಂಗಳಾತ್ರಿ. ಮುದುಕಿ ಮಣಕಾಲು ಹಿಡ್ಕೊಂಡು ಕುಂತಾಳ.”

ಎರಡು ಕಿಟ್ ಹೊಡೆಯಲು ಒಳ್ಳೆಯ ಕಥೆ ಅಂದುಕೊಂಡೆ. ನೀಲಮ್ಮ ನನ್ನ ಮುಖ ಓದಿದರು. ಸಿಟ್ಟು ಮಾಡಲಿಲ್ಲ. “ಹಂಗಾರ ನೀವ ಬರ್ರಿ. ಕೈಯಾರ ಕೊಡ್ರಿ,” ಅಂದರು.

ಹೊರಟೆ. ನಾಲ್ಕನೇ ಮಹಡಿಗೆ ನನ್ನ ಉಸಿರು ನಿಂತಿತು. ಅಕ್ಕಿ ಚೀಲ ತಲೆಯ ಮೇಲಿಟ್ಟುಕೊಂಡ ನೀಲಮ್ಮ ಎಲ್ಲೂ ನಿಲ್ಲಲಿಲ್ಲ. ಹಾಲು, ತರಕಾರಿ, ಮಾತ್ರೆ... ಐದು ತಿಂಗಳಿಂದ ಎಲ್ಲವೂ ಹೀಗೇ ಅವರ ಕೈಯಲ್ಲೇ ಮೇಲೆ ಹೋಗಿದ್ದವು.

ಹುಸೇನ್‌ಬೀ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬರೇ ಇರುವವರು. ಅದೇ ಯಾದಗಿರಿಯವರು, ನೀಲಮ್ಮನ ಜೊತೆ ಇಟ್ಟಿಗೆ ಹೊತ್ತವರು. ಕಿಟ್ ಕಡೆ ನೋಡಲೂ ಇಲ್ಲ. “ಬಾ ಬೇಟಿ, ಕುಂದ್ರು,” ಎಂದು ನನ್ನ ಕೈ ಹಿಡಿದುಕೊಂಡರು. ಪ್ರಶ್ನೆ ಮೇಲೆ ಪ್ರಶ್ನೆ. ಕೆಳಗೆ ಹೂವಿನ ಗಾಡಿ ಬರುತ್ತದಾ? ಆ ಹೂವಿನಾಕೆಗೆ ಹೆರಿಗೆ ಆಯ್ತಾ? ಗಂಡೋ, ಹೆಣ್ಣೋ?

ನನಗೇನು ಗೊತ್ತು?

“ಇಲ್ಲಿಂದ ಬರೇ ತೆಲಿ ಕಾಣ್ತಾವ ಬೇಟಿ,” ಅಂದರು. “ಒಬ್ಬರದ್ದೂ ಮಾರಿ ಕಾಣಂಗಿಲ್ಲ.”

“ನಿಮಗೆ ಏನು ಬೇಕಮ್ಮ?” ಅಂತ ಕೇಳಿದೆ. ಇಷ್ಟು ವರ್ಷ ಕಿಟ್ ಹಂಚಿದ್ದೇನೆ. ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಉಣ್ಣಾಕ ಐತಿ. ನೀಲವ್ವ ಅದಾಳ. ಒಂದ್ಸಲ ಕೆಳಗ ಇಳೀಬೇಕಂತ ಭಾಳ ಆಸಿ ಐತಿ ನೋಡು.”

ಇಳಿಯುವಾಗ ನೀಲಮ್ಮನಿಗೆ ಸಾರಿ ಅಂದೆ. “ಯಾತಕ್ರಿ?” ಅಂದರು. (ಗೊತ್ತಿದ್ದೇ ಕೇಳಿದರು ಅಂತ ನನ್ನ ಅನುಮಾನ.)

ಅಂದು ಸಂಜೆ ಗ್ರೂಪಿನಲ್ಲಿ ಫೋಟೋಗಳ ಸುರಿಮಳೆ. ಚಪ್ಪಾಳೆಯ ಇಮೋಜಿಗಳ ನಡುವೆ ನಾನು ಲಿಫ್ಟಿನ ವಿಷಯ ಬರೆದೆ. ಅದನ್ನು ರಿಪೇರಿ ಮಾಡಿಸುವುದು ಯಾರ ಜವಾಬ್ದಾರಿ ಎಂಬ ವಾದ ಶುರುವಾಯಿತು. ಅರ್ಧ ಗಂಟೆಯ ಮೇಲೆ ನಮ್ಮ ಮೂರನೇ ಮಹಡಿಯ ರಾವ್ ಗಾರು ಒಂದೇ ಸಾಲು ಹಾಕಿದರು: ‘ನಾಳೆ ನಾನು ಹೋಗಿ ನೋಡುತ್ತೇನೆ.’

ರಾವ್ ಗಾರು ರಿಟೈರಾದದ್ದು ಎಲ್ಲಿಂದ ಗೊತ್ತೇ? ಲಿಫ್ಟ್ ಕಂಪನಿಯಿಂದ! ಪ್ರತಿ ಹಬ್ಬಕ್ಕೂ ನಮ್ಮ ಜೊತೆ ನಿಂತು ಅಕ್ಕಿ ಚೀಲ ಎತ್ತಿಕೊಟ್ಟ ಮನುಷ್ಯ. ಲಿಫ್ಟ್ ಕೆಟ್ಟಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಮಗೇ ಗೊತ್ತಿರಲಿಲ್ಲವಲ್ಲ! ನಾವು ಯಾವತ್ತೂ ಶಾಮಿಯಾನ ದಾಟಿ ಒಳಗೆ ಹೋದವರೇ ಅಲ್ಲ.

ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ, ಬೇಕಾದ ಪಾರ್ಟ್ ತರಿಸಿ, ಆ ಬ್ಲಾಕಿನಲ್ಲೇ ಇದ್ದ ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆ ಸೇರಿಸಿಕೊಂಡು ರಾವ್ ಗಾರು ಮೂರು ವಾರ ಗುದ್ದಾಡಿದರು. ಲಿಫ್ಟ್ ಓಡಿತು.

ಕೊಡುವುದು ಒಳ್ಳೆಯದೇ. ಕಿಟ್ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಇನ್ನೊಬ್ಬರಿಗೆ ಏನು ಬೇಕು ಅನ್ನುವುದನ್ನು ನಮ್ಮ ಸೋಫಾದಲ್ಲಿ ಕೂತು ತೀರ್ಮಾನಿಸುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ?

ಲಿಫ್ಟ್ ಶುರುವಾದ ದಿನ ಮಧ್ಯಾಹ್ನ ನೀಲಮ್ಮನ ಫೋನು. ದನಿಯಲ್ಲಿ ಗಾಬರಿ.

“ಅಕ್ಕಾರ, ಮುದುಕಿನ್ನ ಮುಂಜಾನಿ ಕೆಳಗ ಕರ್ಕೊಂಡು ಬಂದೀನ್ರಿ. ಹೂವಿನಾಕಿ ಕೂಸಿನ್ನ ತೊಡಿಮ್ಯಾಗ ಹಾಕ್ಕೊಂಡು ಕುಂತಾಳ. ಊಟದ ಹೊತ್ತಾತು. ಮ್ಯಾಲ ನಡಿ ಅಂದ್ರ ಒಲ್ಲೆ ಅಂತಾಳ್ರಿ!”

ದೂರು ಕೇಳಿ ಇಷ್ಟು ಖುಷಿಪಟ್ಟದ್ದು ನನ್ನ ಜೀವನದಲ್ಲೇ ಮೊದಲು.