ಎದುರಾಳಿ ಕೊಟ್ಟ ರಿಬ್ಬನ್

ನನ್ನ ಹೆಸರು ಕರೆಯುವ ಹೊತ್ತಿಗೇ ಸರಿಯಾಗಿ ರಿಬ್ಬನ್ನಿನ ಕೋಲು ಕೈಯಲ್ಲಿ ಪಟ್ಟನೆ ಮುರಿಯಿತು. ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ನಡೆದ ರಿದಮಿಕ್ ಜಿಮ್ನಾಸ್ಟಿಕ್ಸ್ ಆಯ್ಕೆ ಸ್ಪರ್ಧೆ ಅದು; ಕೋಲಿನ ತುದಿಗೆ ಕಟ್ಟಿದ ಉದ್ದನೆಯ ರಿಬ್ಬನ್ ಬೀಸುತ್ತಾ ಸಂಗೀತಕ್ಕೆ ತಕ್ಕಂತೆ ಕಸರತ್ತು ಮಾಡಬೇಕು. ರಾಜ್ಯ ತಂಡದಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ. ಕಾರ್ಕಳದಿಂದ ಹೋಗಿದ್ದ ನಾನು ಮತ್ತು ಕಾಪುವಿನ ಲವೀನಾ ಅದಕ್ಕಾಗಿ ಸೆಣಸುತ್ತಿದ್ದೆವು. ಅವಳು ಎಲ್ಲಾದರೂ ಎಡವಲಿ ಎಂದು ನಾನು ಒಳಗೊಳಗೇ ಬಯಸಿದ್ದೆ; ಆದರೆ ಅವಳ ಸರದಿ ಚೆನ್ನಾಗಿಯೇ ಮುಗಿದಿತ್ತು. ನನ್ನ ಬಳಿ ಬೇರೆ ರಿಬ್ಬನ್ ಇರಲಿಲ್ಲ.

ಲವೀನಾ ಓಡಿಬಂದು ತನ್ನ ರಿಬ್ಬನ್ ಚಾಚಿದಳು.

“ಇದರಲ್ಲೇ ನಾನು ಗೆದ್ದರೆ?” ಎಂದೆ.

“ಗೆಲ್ಲು ಮಾರಾಯ್ತಿ! ಕೋಲು ಮುರಿದವಳನ್ನು ಸೋಲಿಸಿದೆ ಅಂತ ನನಗೆ ಮನೆಯಲ್ಲಿ ಹೇಳ್ಲಿಕ್ಕೆ ಉಂಟಾ?”

ಅವಳ ಕೋಲು ನನ್ನದಕ್ಕಿಂತ ತುಸು ಭಾರವಿತ್ತು. ಆದರೆ ಒಂದೆರಡು ಸುತ್ತಿಗೇ ಕೈ ಅದಕ್ಕೆ ಒಗ್ಗಿತು. ಎತ್ತರಕ್ಕೆ ಎಸೆದ ಕೋಲು ನಾನು ಓಡಿಹೋದಲ್ಲಿಗೇ ಬಂದು ಅಂಗೈ ಸೇರಿತು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲು ಎಂದೂ ಮಾಡಿರಲಿಲ್ಲ. ತಂಡದ ಸ್ಥಾನ ನನಗೇ ಸಿಕ್ಕಿತು. ಫಲಿತಾಂಶ ಹೇಳಿದಾಗ ಲವೀನಾ ಕಣ್ಣೊರೆಸಿಕೊಂಡು ಬಂದಳು, ಕೈ ಕುಲುಕಿದಳು, ರಿಬ್ಬನ್ ವಾಪಸ್ ತೆಗೆದುಕೊಂಡಳು. “ಬರುವ ವರ್ಷ ನಿನ್ನನ್ನು ಬಿಡುವುದಿಲ್ಲ, ನೋಡು” ಎಂದಳು. ಹೇಳಿದಂತೆ ಮಾಡಿಯೂ ತೋರಿಸಿದಳು.

ಆಮೇಲೆ ಹಲವು ವರ್ಷ ನಾವು ಎದುರುಬದುರಾದೆವು. ಅವಳು ಗೆದ್ದಾಗ ಊರಿಗೆ ಮರಳುವ ಬಸ್ಸಿನಲ್ಲಿ ಕುಳಿತು ಅತ್ತದ್ದೂ ಉಂಟು. ಆದರೆ ಯಾವ ಎದುರಾಳಿಯೂ ಎಡವಲಿ ಎಂದು ನಾನು ಮತ್ತೆಂದೂ ಬಯಸಲಿಲ್ಲ.