ಅಳಿವೆಯ ಎದುರಿನ ಅಕ್ಕ

ಅವಳ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಓಲೆ ಹಾಕಲು ಅಲ್ಲಿ ಜಾಗವೇ ಉಳಿದಿರಲಿಲ್ಲ. ಆದರೂ ಬಿಡದೆ, ಕಿವಿಯ ಮೇಲ್ಭಾಗದಲ್ಲಿ ಹೊಸದಾಗಿ ಚುಚ್ಚಿಸಿಕೊಂಡು ಓಲೆಯನ್ನು ಅಲ್ಲಿಗೆ ಏರಿಸಿದ್ದಳು. ಬಲಗಡೆ ಓಲೆ ಕೆಳಗೆ, ಎಡಗಡೆ ಮೇಲೆ. ನಾನು ಮೊದಲು ನೋಡಿದ್ದೇ ಆ ಕಿವಿಯನ್ನು. ಇವಳೇನೂ ಚೆಲುವೆಯಲ್ಲ ಎಂದು ಸಮಾಧಾನವಾಯಿತು. ಅಷ್ಟರಲ್ಲಿ ಅವಳು ಬಾಯಿ ತುಂಬ ನಕ್ಕಳು. ಇದ್ದ ಸಮಾಧಾನವೂ ಹೋಯಿತು.

ಹೊನ್ನಾವರದ ಕಡೆಯ ಒಂದು ಸಣ್ಣ ಬಂದರಿನಲ್ಲಿ ಲಾರಿಯವರಿಗೆ ಊಟ ಹಾಕುತ್ತಿದ್ದ ಹೆಂಗಸು ಅವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮವರು ಅವಳನ್ನು ಅಕ್ಕ ಎನ್ನುತ್ತಿದ್ದರು. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು, ಕೊಟ್ಟಿದ್ದು ನ್ಯಾಮತಿಗೆ. ನಮ್ಮವರು ಲಾರಿ ಓಡಿಸುತ್ತಾರೆ. ಹೊನ್ನಾಳಿಯ ಮಿಲ್ಲಿನಿಂದ ಅಕ್ಕಿ ತುಂಬಿಕೊಂಡು ಗೇರುಸೊಪ್ಪೆ ಘಾಟಿ ಇಳಿದು ಹೋದರೆ, ಅಕ್ಕನ ಮನೆಯಲ್ಲಿ ಉಂಡು, ಬರುವಾಗ ಹೆಂಚೋ ತೆಂಗಿನಕಾಯಿಯೋ ಹೇರಿಕೊಂಡು ಬರುತ್ತಿದ್ದರು.

ಮನೆಯಲ್ಲಿ ಅವರು ಮೂಕರು. 'ಹೂಂ', 'ಆತು', 'ನೀರು ಕೊಡು' ಇಷ್ಟೇ. ಇದು ಇವರ ಸ್ವಭಾವ ಎಂದು ನಾನೂ ಹೊಂದಿಕೊಂಡಿದ್ದೆ. ಒಮ್ಮೆ ಅವರ ಜೊತೆಯ ಇನ್ನೊಬ್ಬ ಡ್ರೈವರು ನಮ್ಮ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ ಅಂದ: "ಏನ್ ತಂಗೀ, ನಿನ್ ಗಂಡ ಮನ್ಯಾಗೆ ಹಿಂಗೆ ಕುಂತಾನೆ? ಅಲ್ಲಿ ಅಕ್ಕನ ಮುಂದೆ ಕುಂತ್ರೆ ರೇಡಿಯೋ ಹಚ್ಚಿದಂಗೆ ಮಾತಾಡ್ತಾನೆ. ನಿಲ್ಲಸಾಕೇ ಆಗಲ್ಲ."

ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಕೆಂಡ ಬಿತ್ತು. ಬೇರೆ ಥರದ ಸಂಬಂಧ ಎಂದು ನನಗೆ ಅನಿಸಲಿಲ್ಲ. ಹಾಗೆ ಅನಿಸಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವರು ಅವಳ ಹತ್ತಿರ ಮಾತಾಡುತ್ತಾರೆ ಎನ್ನುವುದೇ ನನ್ನನ್ನು ಸುಟ್ಟಿತು. ಮಾತು ಇದ್ದೂ ನನಗೆ ಕೊಡದೆ, ಘಾಟಿ ಇಳಿಸಿ ಅವಳಿಗೆ ಕೊಟ್ಟು ಬರುತ್ತಾರೆ! ನಾವು ಮೀನು ಮುಟ್ಟದವರೆಂದು ಅವಳು ಇವರಿಗಾಗಿ ಬೇರೆ ಒಲೆ ಹಚ್ಚುತ್ತಾಳೆ, ಹಿಡಿಕೆಗೆ ಕೆಂಪು ದಾರ ಕಟ್ಟಿದ ಪಾತ್ರೆಯೊಂದನ್ನು ಇವರಿಗೆಂದೇ ಇಟ್ಟಿದ್ದಾಳೆ ಎಂಬುದೂ ಆ ಡ್ರೈವರಿನಿಂದಲೇ ತಿಳಿಯಿತು. ಇನ್ನೊಂದು ಅಡುಗೆಮನೆಯಲ್ಲಿ ನನ್ನ ಗಂಡನಿಗೆ ಸ್ವಂತ ಪಾತ್ರೆ!

ಅದಕ್ಕೆ ಮೊದಲೇ ನಮ್ಮ ಕೂಸು ತೀರಿಕೊಂಡಿತ್ತು. ಹೆಣ್ಣುಮಗು, ಆಗತಾನೇ ಅಂಬೆಗಾಲು ಕಲಿತಿತ್ತು. ನಾನೂ ಕೂಸೂ ಒಟ್ಟಿಗೇ ಜ್ವರ ಬಂದು ಮಲಗಿದ್ದೆವು. ನನಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಕೂಸಿಗೆ ಉಬ್ಬಸ ಹತ್ತಿದಾಗ ಅವರೊಬ್ಬರೇ ಅದನ್ನು ಎತ್ತಿಕೊಂಡು, ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟರು. ತಿರುಗಿ ಬಂದಾಗ ಕೂಸು ಟವೆಲಿನಲ್ಲಿ ಸುತ್ತಿಕೊಂಡು ತಣ್ಣಗಿತ್ತು. ದಾರಿಯಲ್ಲಿ ಏನಾಯಿತು, ಅತ್ತಿತೇ, ನನ್ನನ್ನು ಹುಡುಕಿತೇ ಎಂದು ಎಷ್ಟು ಕೇಳಿದರೂ, "ಹೋತು" ಎಂದರೇ ಹೊರತು ಇನ್ನೊಂದು ಮಾತು ಆಡಲಿಲ್ಲ. ಕಾರ್ಯ ಮುಗಿದ ಮರುದಿನ ಲಾರಿ ಹತ್ತಿದರು. ಅತ್ತೆ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದರು. ಈ ಮನುಷ್ಯನ ಎದೆ ಕಲ್ಲು ಎಂದೇ ನಾನು ತಿಳಿದೆ.

ಕೊನೆಗೊಂದು ವರ್ಷ, ಮುಂಗಾರು ಹಿಡಿಯುವ ಮುಂಚೆ, "ನಾನು ಸಮುದ್ರ ನೋಡಿಲ್ಲ ರೀ, ಈ ಸಲ ನಾನೂ ಬರ್ತೀನಿ" ಎಂದೆ. ನನಗೆ ಸಮುದ್ರ ಬೇಕಿರಲಿಲ್ಲ. ಅವರು ನನ್ನ ಮುಖ ನೋಡಿದರು. "ಆತು" ಎಂದರು.

ಘಾಟಿ ಇಳಿಯುವಾಗಲೇ ಗಾಳಿ ಎದ್ದಿತ್ತು. ಬಂದರು ತಲುಪಿದಾಗ ಎಲ್ಲರ ಮೊಬೈಲಿನಲ್ಲೂ ಚಂಡಮಾರುತದ್ದೇ ಸುದ್ದಿ. ನಾವು ದಾಟಿ ಬಂದ ದಾರಿಯಲ್ಲಿ ಮರಗಳು ಬಿದ್ದು ರಸ್ತೆ ಕಟ್ಟಿತು. ತಿರುಗಿ ಹೋಗುವಂತಿರಲಿಲ್ಲ.

ಅವಳು ಬಾಗಿಲಿಗೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ, ನ್ಯಾಮತಿ ಮನೆಯವಳು! ಕಡೆಗೂ ಬಂದ್ಯನೇ ಮಾರಾಯ್ತಿ! ಮಾತೆಲ್ಲ ಆಮೇಲೆ. ಮೊದ್ಲು ಕೈ ತೊಳಿ."

ಯಾರು ಬಂದರೂ ಅವಳ ಮೊದಲ ಮಾತು ಅದೇ. ಲಾರಿಯವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬ ಹಾವೇರಿ, ಇನ್ನೊಬ್ಬ ಗದಗ, ನಮ್ಮವರು ನ್ಯಾಮತಿ. ಬಡಿಸುವಾಗ ಎದುರು ನಿಲ್ಲುವವಳಲ್ಲ. ಉಣ್ಣುವವರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಬಿಡುವಳು. ಅವರು ಏನು ಹೇಳಿದರೂ ನಡುವೆ ಬಾಯಿ ಹಾಕುತ್ತಿರಲಿಲ್ಲ, ಅಯ್ಯೋ ಎನ್ನುತ್ತಿರಲಿಲ್ಲ, ಬುದ್ಧಿ ಹೇಳುತ್ತಿರಲಿಲ್ಲ. ಎಲೆ ಖಾಲಿಯಾದರೆ ಮಾತ್ರ ಕೈ ಮುಂದೆ ಬರುತ್ತಿತ್ತು. ಇದನ್ನೆಲ್ಲ ನಾನು ಮೂಲೆಯಲ್ಲಿ ಕೂತು ನೋಡಿದೆ. ನಮ್ಮವರು ನಿಜವಾಗಿಯೂ ಮಾತಾಡಿದರು! ಟೈರಿನ ಬಗ್ಗೆ, ಮಿಲ್ಲಿನ ಹಮಾಲರ ಬಗ್ಗೆ. ನಗಾಡಿದರು ಕೂಡ. ಅವರ ಎಡಗಡೆಯ ದವಡೆ ಹಲ್ಲೊಂದು ಬಿದ್ದುಹೋಗಿದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಮರುದಿನ ಬೆಳಿಗ್ಗೆ ಚಂಡಮಾರುತ ಬಂತು.

ಅವಳ ಮನೆ ದಿಬ್ಬದ ಮೇಲಿತ್ತು. ಹಿಂದಿನ ಜಗಲಿಯಲ್ಲಿ ನಿಂತರೆ ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ಎದುರಿಗೇ ಕಾಣುತ್ತಿತ್ತು. ನಮ್ಮ ಬಿಳಿಚೋಡಿನ ಕಡೆ ಗಾಳಿ ಎಂದರೆ ಧೂಳು. ಕಣ್ಣು ಮುಚ್ಚಿಕೊಂಡರೆ ದಾಟಿ ಹೋಗುತ್ತದೆ. ಈ ಗಾಳಿಗೆ ಕಣ್ಣು ಮುಚ್ಚಿದರೂ ಬಿಡುಗಡೆಯಿರಲಿಲ್ಲ. ಒಂದೇ ಸಮನೆ ಗುಡುಗುವ ಶಬ್ದ ಅಂಗಾಲಿನಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ಸಮುದ್ರ ನೀಲಿ ಎಂದು ಕೇಳಿದ್ದೆ. ಅದು ಹರಗಿದ ಎರೆಹೊಲದಂತೆ ಕಪ್ಪಾಗಿ, ಹೊಲವೇ ಎದ್ದು ನಿಂತು ಬೀಳುತ್ತಿತ್ತು. ಅಳಿವೆಯ ಕಲ್ಲಿನ ಗೋಡೆಗೆ ಅಲೆ ಬಡಿದು, ತೆಂಗಿನಮರದ ಎತ್ತರಕ್ಕೆ ನೊರೆ ಹಾರುತ್ತಿತ್ತು. ಮೀನು ಹರಾಜು ಹಾಕುವ ಕಟ್ಟೆಯ ತಗಡೊಂದು ಕಿತ್ತು ಹೊಳೆಯ ಆಚೆ ದಡಕ್ಕೆ ಹೋಗಿ ಬಿತ್ತು.

ಬೋಟುಗಳೆಲ್ಲ ಹಿಂದಿನ ದಿನವೇ ಬಂದಿದ್ದವು, ಒಂದು ಬಿಟ್ಟು. ಅದರಲ್ಲಿದ್ದವರ ಮನೆಯ ಹೆಂಗಸರು ಕಟ್ಟೆಯ ಸೂರಿನ ಕೆಳಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಅಕ್ಕ ಅಳಿವೆಯ ಕಡೆ ನೋಡಿದಳು, ದೊಡ್ಡ ಹಂಡೆಯನ್ನು ಒಲೆಗೆ ಏರಿಸಿದಳು. "ಬಂದವ್ರಿಗೆ ಬಿಸಿ ಗಂಜಿ ಬೇಕು" ಎಂದಳು. 'ಬಂದ್ರೆ' ಎನ್ನಲಿಲ್ಲ. ನನ್ನ ಕೈಗೆ ಕಾಯಿ ತುರಿಯುವ ಮಣೆ ಕೊಟ್ಟಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತುರಿಯತೊಡಗಿದೆ. ನಮ್ಮವರೂ ಅಕ್ಕನೂ ಜಗಲಿಯ ಕಂಬದ ಹತ್ತಿರ ನಿಂತಿದ್ದರು.

ಆಗ ಬೋಟು ಕಾಣಿಸಿತು. ಅಳಿವೆಯಾಚೆ ಒಂದು ಅಲೆಯ ನೆತ್ತಿಯ ಮೇಲೆ ಬಂದು, ಮರುಕ್ಷಣ ಪೂರ್ತಿ ಮುಳುಗಿದಂತೆ ಮರೆಯಾಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕಟ್ಟೆಯ ಕೆಳಗಿನ ಹೆಂಗಸರು ಅದು ಕಂಡಾಗ ಕೂಗುವರು, ಮರೆಯಾದಾಗ ಸುಮ್ಮನಾಗುವರು.

ನಮ್ಮವರ ದನಿ ಕೇಳಿಸಿತು. "ನಮ್ ಕೂಸಿನ ಎದೆನೂ ಹಿಂಗೇ ಮಾಡ್ತಿತ್ತಕ್ಕಾ. ಮ್ಯಾಲೆ ಬರ್ತಿತ್ತು, ಹೋಗ್ತಿತ್ತು. ಇನ್ನ ಬರಲ್ಲ ಅನ್ನಾದ್ರಾಗೆ ಮತ್ತೆ ಬರ್ತಿತ್ತು."

ನಾನು ತಲೆಯೆತ್ತಿ ನೋಡಿದೆ. ಅವರು ಕಂಬ ಹಿಡಿದುಕೊಂಡು ಅಳುತ್ತಿದ್ದರು. ಅಕ್ಕನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇದು ಅವಳು ಮೊದಲೇ ಕೇಳಿದ ಮಾತು ಎಂದು ಅವಳು ನಿಂತ ರೀತಿಯಲ್ಲೇ ತಿಳಿಯಿತು. ನನ್ನ ಕೂಸು. ನಾನು ಹೊತ್ತದ್ದು, ನಾನು ಹೆತ್ತದ್ದು. ಅದರ ಕೊನೆಯ ಉಸಿರು ಹೇಗಿತ್ತೆಂದು ಈ ಹರಿದ ಕಿವಿಯವಳಿಗೆ ಗೊತ್ತು, ನನಗೆ ಗೊತ್ತಿಲ್ಲ! ಹೊರಗೆ ಭೂಮಿ ಆಕಾಶ ಒಂದಾಗುತ್ತಿತ್ತು. ಆ ಗಾಳಿ ಇವಳನ್ನು ಕಂಬ ಸಮೇತ ಹೊತ್ತುಕೊಂಡು ಹೋಗಲಿ ಅನ್ನಿಸಿತು ನನಗೆ.

ಅಕ್ಕ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅವರಿಗೆ ಹೇಳಿದಳು, ನನಗೂ ಕೇಳುವಂತೆ: "ನ್ಯಾಮತೀ, ಇಷ್ಟು ದಿನ ನಾ ಕೇಳ್ದೆ. ಇನ್ನು ಕೇಳೂದಿಲ್ಲ. ಅದು ನಂಗೆ ಹೇಳೂ ಮಾತಲ್ಲ. ಅಲ್ಲಿ ಕಾಯಿ ತುರೀತಾ ಕೂತಿದ್ದಾಳಲ್ಲ, ಅವ್ಳಿಗೆ ಹೇಳು."

ಅವರು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಕೆಳಗೆ ದೊಡ್ಡ ಕೂಗು ಎದ್ದಿತು. ಬೋಟು ಅಳಿವೆಯೊಳಗೆ ನುಗ್ಗಿ, ಮರಳದಿಣ್ಣೆಗೆ ಬಡಿದು ಮಗ್ಗುಲಾಗಿತ್ತು. ಗಂಡಸರೆಲ್ಲ ಹಗ್ಗ ಹಿಡಿದು ಓಡಿದರು. ನಮ್ಮವರೂ ಓಡಿದರು. ಈಜು ಬಾರದವರು, ನಮ್ಮ ಕೆರೆಯಲ್ಲೂ ಇಳಿಯದವರು! ನಾನು ಮಣೆ ಬಿಟ್ಟು ಜಗಲಿಗೆ ಬಂದೆ. ಯಾರ ಪಕ್ಕದಲ್ಲಿ ನಿಂತಿದ್ದೇನೆ ಎಂಬ ಪರಿವೆಯೂ ಇರಲಿಲ್ಲ. ಸೊಂಟದುದ್ದದ ನೀರಿನಲ್ಲಿ ಸಾಲಾಗಿ ನಿಂತು ಅವರು ಹಗ್ಗ ಜಗ್ಗುತ್ತಿದ್ದರು. ಅಲೆ ಬಂದಾಗಲೆಲ್ಲ ಆ ಸಾಲು ಪೂರ್ತಿ ಮರೆಯಾಗುತ್ತಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದಳು. ನಾನು ಬಿಡಿಸಿಕೊಳ್ಳಲಿಲ್ಲ.

ಬೋಟು ಒಡೆದುಹೋಯಿತು. ಆದರೆ ಒಳಗಿದ್ದವರೆಲ್ಲ ಹಗ್ಗ ಹಿಡಿದು ದಡ ಸೇರಿದರು. ನಮ್ಮವರು ಅಂಗೈ ಚರ್ಮ ಕಿತ್ತುಕೊಂಡು, ನಡುಗುತ್ತ ಹತ್ತಿ ಬಂದರು.

"ಕೈ ತೊಳಿ" ಎಂದಳು ಅಕ್ಕ. ನಮ್ಮಿಬ್ಬರಿಗೂ ಗಂಜಿ ಬಡಿಸಿದಳು. ಮಿಕ್ಕದ್ದನ್ನು ಕೊಡಗಳಿಗೆ ತುಂಬಿ, ಜನರನ್ನು ಕರೆದು ಹೊರಿಸಿಕೊಂಡು, ಆ ಮಳೆಯಲ್ಲೇ ಕಟ್ಟೆಗೆ ಹೊರಟಳು. ಹೋಗುವಾಗ ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.

ಅವರು ಹೇಳಿದರು. ಕಾರಿನಲ್ಲಿ ಕೂಸಿನ ಜೊತೆ ಏನು ಮಾತಾಡಬೇಕೆಂದು ಅವರಿಗೆ ತಿಳಿಯಲಿಲ್ಲವಂತೆ. ಜೋಗುಳ ಬರುವುದಿಲ್ಲ. ಸುಮ್ಮನಿದ್ದರೆ ಕೂಸು ಹೆದರೀತು. ಅದಕ್ಕೇ ಊರುಗಳ ಹೆಸರು ಹೇಳುತ್ತ ಹೋದರಂತೆ. "ಸುರಹೊನ್ನೆ ಬಂತವ್ವಾ, ಇನ್ನೇನ್ ಸವಳಂಗ ಬರ್ತೈತೆ ನೋಡು ಅಂದೆ. ನನ್ ಅಂಗಿ ಗುಂಡಿ ಹಿಡ್ಕಂಡು ನನ್ನೇ ನೋಡ್ತಿತ್ತು. ಅಳಲಿಲ್ಲ ಕಣೇ. ಸವಳಂಗ ದಾಟಾವರ್ಗೂ ಕೇಳಿಸ್ಕಂತು." ಆಮೇಲೂ ಶಿವಮೊಗ್ಗದವರೆಗೆ ಊರು ಹೇಳುತ್ತಲೇ ಹೋದರಂತೆ.

ನಾನು ಅವರ ಕಿತ್ತ ಅಂಗೈ ಹಿಡಿದುಕೊಂಡು ಅತ್ತೆ. ಅಕ್ಕ ಬಹಳ ಹೊತ್ತು ಬರಲಿಲ್ಲ.

ಮರುದಿನ ಮಳೆ ನಿಂತು ಹೊಳವಾಯಿತು. ಅಕ್ಕ ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ನಿಂತೆ. ಕೃತಜ್ಞತೆ ಹೇಳಲು ಹೋದವಳ ಬಾಯಲ್ಲಿ ಬಂದದ್ದು ಬೇರೆ. "ಅಲ್ಲಕ್ಕಾ, ನನಗೆ ಹೇಳದ್ದು ನಿನಗೆ ಯಾಕೆ ಹೇಳಿದ್ರು?"

"ನಾ ಅಳೂದಿಲ್ಲ ಅಂತ" ಎಂದಳು. "ನಿನ್ನ ಕಣ್ಣೀರು ನೋಡೂಕೆ ಅವಂಗೆ ಧೈರ್ಯ ಇರ್ಲಿಲ್ಲ. ನಾ ಎಂತ, ಬೇರೆಯವ್ಳು." ಇನ್ನೊಂದು ಪಾತ್ರೆ ಎಳೆದುಕೊಂಡಳು. "ನಿಂಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನಂಗೆ ಗೊತ್ತದೆ. ನಂಗೂ ನಿನ್ನ ಮೇಲೆ ಇತ್ತು ಮಾರಾಯ್ತಿ. ಇಲ್ಲಿ ಕೂತ್ಕಂಡು ಅಂವ ಹೇಳೂದೆಲ್ಲ ನಿನ್ನ ಸುದ್ದಿಯೇ. ಅವ್ಳು ರೊಟ್ಟಿ ತಟ್ಟಿದ್ರೆ ಹಾಂಗೆ, ಅವ್ಳು ನಕ್ಕು ಎಷ್ಟು ದಿನ ಆಯ್ತು. ಎಲ್ರೂ ಇಲ್ಲಿ ಉಣ್ತಾರೆ, ಎಲ್ರೂ ತಂತಮ್ಮ ಮನೆಗೆ ಹೋಗ್ತಾರೆ. ಲಾರಿ ಶಬ್ದ ದೂರ ಆದ್ಮೇಲೆ ನಾ ಎಲೆ ಎತ್ತೂದು."

ನಾನು ಪಕ್ಕದಲ್ಲಿ ಕೂತು ಪಾತ್ರೆ ತೊಳೆದುಕೊಟ್ಟೆ.

ಅದಾದ ಮೇಲೆ ವರ್ಷಕ್ಕೊಮ್ಮೆ ನಾನೂ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರಿಬ್ಬರ ನಡುವಿನ ಮಣೆ ಹಿಡಿದು ಕೂರುತ್ತಿದ್ದೆ. ಅವಳಿಗೆ ಅದು ತಿಳಿಯುತ್ತಿತ್ತು; ನಕ್ಕು ಅತ್ತ ಸರಿಯುತ್ತಿದ್ದಳು. ಹೋದ ಮಾಗಿಯಲ್ಲಿ ಅವಳು ತೀರಿಕೊಂಡಳು. ಒಂದು ವಾರದ ಜ್ವರ, ಅಷ್ಟೇ. ಫೋನು ಬಂದಾಗ ನಮ್ಮವರು ಹೊನ್ನಾಳಿಯಲ್ಲಿ ಲೋಡು ತುಂಬಿಸುತ್ತಿದ್ದರು. ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದು, "ಅಕ್ಕ ಹೋದ್ಲು ಕಣೇ" ಎಂದು ನನ್ನೆದುರಿಗೇ ಕೂತು ಅತ್ತರು. ಇಬ್ಬರೂ ಘಾಟಿ ಇಳಿದು ಹೋದೆವು. ಹಾವೇರಿ ಬಂದಿದ್ದ, ಗದಗ ಬಂದಿದ್ದ. ಹೆಗಲು ಕೊಟ್ಟವರೆಲ್ಲ ಲಾರಿಯವರೇ.

ಈಗ ನಮ್ಮವರು ಮನೆಯಲ್ಲಿ ಮಾತಾಡುತ್ತಾರೆ. ದಿನಾ ಅಲ್ಲ, ದೂರದಿಂದ ಬಂದ ದಿನ, ಊಟದ ಹೊತ್ತಿಗೆ. ನಾನು ಪಕ್ಕದಲ್ಲಿ ಕೂರುತ್ತೇನೆ. ನಡುವೆ ಬಾಯಿ ಹಾಕದೆ ಕೇಳುವುದು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಮಾತಿನ ಓಟದಲ್ಲಿ ಒಂದೊಂದು ಸಲ ಅವರು ನನ್ನನ್ನೇ "ಅಕ್ಕಾ" ಎಂದುಬಿಡುತ್ತಾರೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಎದೆಯಲ್ಲಿ ಚುರುಕ್ಕೆನ್ನುತ್ತದೆ.

"ಹೂಂ, ಮುಂದೆ ಹೇಳ್ರಿ" ಎನ್ನುತ್ತೇನೆ.