ಕಾಫಿಯಾದ ಮೇಲೆ ಮೀಟಿಂಗ್

ಅಪ್ಪ ಮತ್ತು ಅವರ ಇಬ್ಬರು ಪಾಲುದಾರರು ಎದುರುಬದುರು ಕೂರಲೇಬೇಕು ಎಂದು ತೀರ್ಮಾನವಾದಾಗ, ಆ ಮೀಟಿಂಗಿಗೆ ನಿಯಮ ಬರೆಯುವ ಕೆಲಸ ನನಗೆ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದನ್ನೇ ಕಲಿತವಳು ನಾನು. ಮನೆಯಲ್ಲಿ ಅದು ದುರ್ಗುಣವೆನಿಸಿತ್ತು. ಕೊರೋನಾ ಬಂದ ವರ್ಷ ಉಪಯೋಗಕ್ಕೆ ಬಂತು.

ಮುಲುಂಡಿನ ನಮ್ಮ ಹೋಟೆಲು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಜಾಗದ ಕರಾರು ಮುಂದುವರಿಸುತ್ತೀರೋ ಬಿಡುತ್ತೀರೋ ಎಂದು ಕಟ್ಟಡದ ಮಾಲಿಕರು ಶನಿವಾರದೊಳಗೆ ಉತ್ತರ ಕೇಳಿದ್ದರು. ವಿಡಿಯೋ ಕಾಲ್ ಸಾಕು ಎಂದು ನಾನು ವಾದಿಸಿ ಸೋತೆ. ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷ ಒಟ್ಟಿಗೆ ಹೋಟೆಲು ನಡೆಸಿದ ಈ ಮೂವರದ್ದು ಒಂದೇ ಪದ್ಧತಿ: ಮೊದಲು ತಮ್ಮ ಅಡುಗೆಮನೆಯ ಕಾಫಿ, ಆಮೇಲೆ ವ್ಯವಹಾರ. ಲೋಟ ಖಾಲಿಯಾಗದೆ ಯಾರೂ ಕೆಲಸದ ಮಾತೆತ್ತುವಂತಿಲ್ಲ. ಫೋನಿನಲ್ಲಿ ಕಾಫಿ ಕುಡಿಯುವುದು ಹೇಗೆ ಎಂದು ಅಪ್ಪ ಕೇಳಿದ್ದು ತಮಾಷೆಗಲ್ಲ.

ಅಪ್ಪನಿಗೆ ಹಳೆಯ ದಮ್ಮು. ಇವರಿಗೆ ಕೊರೋನಾ ಬಂದರೆ ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೋಟೆಲು ಉಳಿಯಲಿ, ಹೋಗಲಿ. ಅಪ್ಪನನ್ನು ಹೋದ ಹಾಗೆಯೇ ಮನೆಗೆ ವಾಪಸು ತರುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ.

ಪಾಲುದಾರರಲ್ಲಿ ಒಬ್ಬರು ಮಲಾಡಿನವರು, ಇನ್ನೊಬ್ಬರು ಕಾಂದಿವಲಿಯವರು. ಒಂದು ವಾರ ಮುಂಚಿನಿಂದ ದಿನಾ ಇಬ್ಬರಿಗೂ ಫೋನು ಹಚ್ಚಿ ಜ್ವರ, ಕೆಮ್ಮು, ಮನೆಗೆ ಬಂದು ಹೋದವರು, ಎಲ್ಲ ವಿಚಾರಿಸಿದೆ. ಮಲಾಡಿನವರು ವಿಧೇಯವಾಗಿ ಉತ್ತರಿಸಿದರು, ಅದೇ ನನಗೆ ಸಂಶಯ ತಂದಿತು. ಕಾಂದಿವಲಿಯವರು ಉತ್ತರವನ್ನೇ ತಪ್ಪಿಸುತ್ತಿದ್ದರು, ಅದು ಇನ್ನೂ ಹೆಚ್ಚಿನ ಸಂಶಯಕ್ಕೆ ದಾರಿಯಾಯಿತು.

"ಮಾರಾಯ್ತಿ, ಹೆಣ್ಣು ನೋಡ್ಲಿಕ್ಕೆ ಹೋದಾಗ ಸಹ ನನ್ನನ್ನು ಇಷ್ಟು ಕೇಳ್ಲಿಲ್ಲ" ಎಂದರು ಕಾಂದಿವಲಿಯವರು ಒಂದು ದಿನ. ಮಾತಿನ ನಡುವೆ ಎರಡು ಸಲ ಕೆಮ್ಮಿದರು. ಕೇಳಿದ್ದಕ್ಕೆ ಅಡಿಕೆ ಚೂರು ಎಂದರು. ನಾನು ಚೀಟಿಯಲ್ಲಿ ಬರೆದುಕೊಂಡೆ.

ಮೀಟಿಂಗಿನ ದಿನ, ಗುರುವಾರ ಬೆಳಿಗ್ಗೆ ಹೋಟೆಲಿನ ಶಟರ್ ಪೂರ್ತಿ ಎತ್ತಿಸಿದೆ. ಎಸಿ ಹಾಕಬೇಡಿ ಅಂದರೆ ಯಾರಾದರೂ ಹಾಕಿಯೇ ಹಾಕುತ್ತಾರೆ. ಅದಕ್ಕೆ ರಿಮೋಟನ್ನು ನನ್ನ ಪರ್ಸಿಗೆ ಸೇರಿಸಿದೆ. ಮೂರು ಮೂಲೆಗೆ ಮೂರು ಕುರ್ಚಿ. ಕಾಫಿಗೆ ಬೇರೆಯೇ ನಿಯಮ: ಒಬ್ಬೊಬ್ಬರಾಗಿ ಬಾಗಿಲಿಗೆ ಹೋಗಿ ರಸ್ತೆ ಕಡೆ ಮುಖಮಾಡಿ ಮಾಸ್ಕ್ ಇಳಿಸಿ ಕುಡಿಯಬೇಕು, ಉಳಿದವರದ್ದು ಮೂಗಿನ ಮೇಲೇ ಇರಬೇಕು. ನಿಯಮವಿಲ್ಲದಿದ್ದದ್ದು ಭಟ್ಟರಿಗೊಬ್ಬರಿಗೆ. ನಮ್ಮ ಹಳೆಯ ಅಡುಗೆಯವರು ಅವರು, ಆ ದಿನದ ಕಾಫಿಯೂ ಅವರದ್ದೇ. ಲಾಕ್‌ಡೌನ್ ಆದಾಗಿನಿಂದ ಹೋಟೆಲಿನ ಅಟ್ಟದಲ್ಲೇ ಒಬ್ಬರೇ ಇದ್ದರು. ಹೊರಗೇ ಹೋಗದವರನ್ನು ಏನೆಂದು ಪ್ರಶ್ನಿಸುವುದು?

ಹಿರಿಯರೆಂದು ಅಪ್ಪನ ಸರದಿ ಮೊದಲು ಬಂತು. ಅವರು ಬಾಗಿಲಲ್ಲಿ ನಿಂತು ನಿಧಾನಕ್ಕೆ ಕುಡಿದು, ಖಾಲಿ ಲೋಟ ಕೌಂಟರಿನ ಮೇಲಿಟ್ಟು ಬಂದು ಕೂತರು. ನಾನು ಅವರನ್ನು ಸರಿಯಾಗಿ ಗಮನಿಸಲೇ ಇಲ್ಲ. ನನ್ನ ಕಣ್ಣೆಲ್ಲ ಕಾಂದಿವಲಿಯವರ ಮೇಲಿತ್ತು, ಯಾವಾಗ ಕೆಮ್ಮುತ್ತಾರೆ ಎಂದು.

ಎರಡನೆಯ ಸರದಿ ಅವರದ್ದೇ. ಮಾಸ್ಕ್ ಇಳಿಸಿ ಲೋಟ ಮುಖದ ಹತ್ತಿರ ತಂದವರು ಅಲ್ಲೇ ನಿಂತರು. ಇನ್ನೊಮ್ಮೆ ಮೂಸಿದರು. ಬಗ್ಗಿ ಕಾಫಿಯನ್ನು ಗಟಾರಕ್ಕೆ ಸುರಿದರು.

"ಹಾಲು ತಳ ಹಿಡಿದದೆ" ಎಂದರು. "ಪೂರಾ ಹೊತ್ತಿದ ವಾಸನೆ."

ಮಲಾಡಿನವರು ತಮ್ಮ ಲೋಟದ ಹತ್ತಿರ ಹೋಗಿ ಮಾಸ್ಕ್ ಸರಿಸಿ ಮೂಸಿ ನೋಡಿ ಹೌದೆಂದು ತಲೆಯಾಡಿಸಿದರು. ಆಮೇಲೆ ಇಬ್ಬರೂ ಅಪ್ಪನ ಖಾಲಿ ಲೋಟದತ್ತ ನೋಡಿದರು.

ಹೋಟೆಲಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಒಗ್ಗರಣೆಯಲ್ಲಿ ಕರಿಬೇವನ್ನು ಒಂದು ಕ್ಷಣ ಹೆಚ್ಚು ಕರಿದರೆ ಗಲ್ಲಾದಲ್ಲಿ ಕೂತಲ್ಲಿಂದಲೇ ಕೂಗುವವರು ಅಪ್ಪ. ಹೊತ್ತಿದ ಹಾಲಿನ ಕಾಫಿಯನ್ನು ಅವರು ಕೊನೆಯ ಗುಟುಕಿನವರೆಗೆ ಕುಡಿದಿದ್ದರು. ಮೂಗಿಗೆ ವಾಸನೆ ತಿಳಿಯದಿದ್ದರೆ ಅದು ಯಾವ ಕಾಯಿಲೆಯ ಲಕ್ಷಣವೆಂದು ಆ ವರ್ಷ ಎಲ್ಲರಿಗೂ ಗೊತ್ತಿತ್ತು.

ಆಗ ನನ್ನೊಳಗೆ ಎದ್ದ ವಾದಗಳ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ. ಏನೋ ಯೋಚನೆಯಲ್ಲಿದ್ದರು. ಭಟ್ಟರಿಗೆ ಬೇಸರವಾಗಬಾರದೆಂದು ಸುಮ್ಮನಿದ್ದರು. ವಯಸ್ಸಾಯಿತು. ಕಾಂದಿವಲಿಯವರ ಪರವಾಗಿ ಇಂಥ ಒಂದೂ ವಾದವನ್ನು ಒಂದು ವಾರದಲ್ಲಿ ನಾನು ಹುಡುಕಿರಲಿಲ್ಲ. ಈಗ ಅವರೇ, "ಶೀತ ಇರ್ಬಹುದು, ಮಳೆಗಾಲ ಅಲ್ವಾ" ಎಂದು ಮೆಲ್ಲಗೆ ಹೇಳಿದರು. ಒಪ್ಪಿಕೊಳ್ಳುವ ಆಸೆ ನನಗೆ ಬಹಳವಿತ್ತು.

"ಪಪ್ಪಾ, ಒಳಗೆ ಹೋಗಿ ಹಾಲಿನ ಪಾತ್ರೆ ಮೂಸಿ ನೋಡಿ" ಎಂದೆ.

ಅಪ್ಪ ನನ್ನನ್ನು ನೋಡಿದರು. "ಹತ್ತು ನಿಮಿಷದ ಕೆಲಸ. ಮೀಟಿಂಗ್ ಮುಗಿಸಿಯೇ ಹೋಗುವ."

"ಮೊದಲು ಮೂಸಿ."

ಒಳಗೆ ಹೋದವರು ಬೇಗ ಬರಲಿಲ್ಲ. ಬಂದಾಗ ಮಾಸ್ಕ್ ಕಣ್ಣಿನ ಕೆಳಗಿನವರೆಗೆ ಏರಿತ್ತು. ಕುರ್ಚಿಗೆ ಹೋಗದೆ ನೇರ ಹೊರನಡೆದು, ರಸ್ತೆ ದಾಟಿ ಎದುರಿನ ಫುಟ್‌ಪಾತಿನಲ್ಲಿ ನಿಂತರು. ಮೀಟಿಂಗ್ ಆದದ್ದು ಹಾಗೆ: ಈ ಕಡೆ ಇಬ್ಬರು, ಆ ಕಡೆ ಒಬ್ಬರು, ನಡುವೆ ರಿಕ್ಷಾಗಳು. ಕರಾರು ಮುಂದುವರಿಸುವುದಾ ಎಂದು ಮಲಾಡಿನವರು ಕೂಗಿ ಕೇಳಿದರು. ಅಪ್ಪ ಕೈ ಎತ್ತಿದರು. ಇವರಿಬ್ಬರೂ ಎತ್ತಿದರು.

ಟೆಸ್ಟಿನಲ್ಲಿ ಪಾಸಿಟಿವ್ ಬಂತು. ಅಪ್ಪ ಒಳಕೋಣೆಯಲ್ಲಿ, ನಾನು ಬಾಗಿಲಿನ ಈಚೆ. ಯಾರಿಂದ ಬಂತು ಎಂದು ನಾನು ಬಾಗಿಲಿನ ಮೂಲಕವೇ ವಿಚಾರಣೆ ಶುರುಮಾಡಿದೆ. ಕೊನೆಗೆ ಅವರು ಒಪ್ಪಿಕೊಂಡರು. ದಿನಾ ಬೆಳಿಗ್ಗೆ ಟೆರೇಸಿನಲ್ಲಿ ವಾಕಿಂಗ್ ಎಂದು ಹೇಳಿ ಹೋಗುತ್ತಿದ್ದದ್ದು ಹೋಟೆಲಿಗೆ. ಗಿರಾಕಿ ಇರಲಿ ಬಿಡಲಿ, ಒಲೆ ದಿನಕ್ಕೊಮ್ಮೆ ಹತ್ತಬೇಕು ಎಂಬುದು ಅವರ ನಂಬಿಕೆ. ಒಲೆ ಹಚ್ಚಿ, ಭಟ್ಟರ ಎದುರು ಕೂತು ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದರಂತೆ.

ಭಟ್ಟರು. ಹಾಲು ಹೊತ್ತಿದ್ದು ಅವರ ಮೂಗಿಗೂ ಗೊತ್ತಾಗಿರಲಿಲ್ಲವಲ್ಲ. ಅವರಿಗೆ ಟೆಸ್ಟ್ ಮಾಡಿಸಿದಾಗ ಅದೂ ಪಾಸಿಟಿವ್. ಅಪ್ಪನಿಗೆ ಅವರಿಂದ ಬಂತೋ, ಅವರಿಗೆ ಅಪ್ಪನಿಂದಲೋ, ನನಗಿನ್ನೂ ತೀರ್ಮಾನವಾಗಿಲ್ಲ.

ಆರನೆಯ ದಿನ ಅಪ್ಪನಿಗೆ ಆಕ್ಸಿಜನ್ ಬೇಕಾಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಗೋಡೆ ಹಿಡಿದು ನಡೆಯುತ್ತ ಮನೆಗೆ ಬಂದರು. ಅಷ್ಟೂ ದಿನ ಆಸ್ಪತ್ರೆಯಿಂದ ಫೋನು ಮಾಡಿದಾಗ ಅವರು ಮೊದಲು ಕೇಳುತ್ತಿದ್ದದ್ದು, ಅವರಿಬ್ಬರು ಹೇಗಿದ್ದಾರೆ ಎಂದು. ಹಾಗಾಗಿ ದಿನಾ ಬೆಳಿಗ್ಗೆ ನಾನು ಮಲಾಡಿಗೂ ಕಾಂದಿವಲಿಗೂ ಫೋನು ಹಚ್ಚಬೇಕಿತ್ತು. ಪ್ರಶ್ನೆಗಳು ಹಿಂದಿನವೇ, ಕೇಳುವ ಧೈರ್ಯ ಮಾತ್ರ ಇರಲಿಲ್ಲ.

"ಜ್ವರ ಇಲ್ಲ, ಕೆಮ್ಮು ಇಲ್ಲ" ಎಂದರು ಕಾಂದಿವಲಿಯವರು. "ನಂಬುದಾದ್ರೆ ನಂಬು."

ಕ್ಷಮೆ ಕೇಳಬೇಕೆಂದೇ ಫೋನು ಮಾಡಿದ್ದೆ. ಕೇಳಿದೆ ಕೂಡ. ಆಮೇಲೆ, ಅಂಕಲ್, ಒಂದು ಸಲ ವಿಡಿಯೋ ಹಾಕಿ ಥರ್ಮಾಮೀಟರ್ ತೋರಿಸಿ ಎಂದೆ. ಅವರು ಬೈಯುತ್ತಲೇ ತೋರಿಸಿದರು.